ಇಂಗ್ಲಿಷ್ ಸಿನಿಮಾ ನೋಡಿದರೆ ಇಂಗ್ಲಿಷ್ ಬರುತ್ತಾ?

"ಅಮೆರಿಕನ್ ಕಾದಂಬರಿ ಓದಿ, ಸಿನಿಮಾ ನೋಡಿ ಇಂಗ್ಲಿಷ್ ಕಲಿಯಬಹುದಾ? ಯಾವುದರಿಂದ ಶುರು ಮಾಡಲಿ?" ಅಂತ ಕೇಳುವವರು ಬಹಳ. ಖಂಡಿತ ಕಲಿಯಬಹುದು. ಕನ್ನಡ ಸಬ್‌ಟೈಟಲ್ ಹಾಕಿಕೊಂಡು ಮಾತ್ರ ಆಗದು. ಕಣ್ಣು ಕನ್ನಡ ಓದುತ್ತಿದ್ದರೆ ಕಿವಿ ಸುಮ್ಮನಾಗುತ್ತದೆ, ಕೊನೆಗೆ ಉಳಿಯುವುದು ಕಥೆಯಷ್ಟೇ.

ಮೊದಲು ಪುಸ್ತಕ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ನಡುವಿನ ಒಂದು ಪುಟ ಓದಿ ನೋಡಿ. ಗೊತ್ತಿಲ್ಲದ ಪದ ಐದಾರು ದಾಟಿದರೆ ಸದ್ಯಕ್ಕೆ ಬೇಡ. ಐವತ್ತು ಪದಕ್ಕೊಂದು ಹೊಸದಿದ್ದರೆ ಸಂದರ್ಭದಿಂದ ಊಹಿಸಬಹುದು, ಅದಕ್ಕಿಂತ ಹೆಚ್ಚಾದರೆ ಓದು ಹೋಗಿ ಡಿಕ್ಷನರಿ ತಿರುವುವ ಕೆಲಸವಾಗುತ್ತದೆ. ಎಲ್ಲರೂ ಕೈಗಿಡುವ 'ಟು ಕಿಲ್ ಎ ಮಾಕಿಂಗ್‌ಬರ್ಡ್' (1960) ದೊಡ್ಡ ಕಾದಂಬರಿ, ನಿಜ. ಆದರೆ ಉದ್ದುದ್ದ ವಾಕ್ಯಗಳು, ಅಮೆರಿಕದ ಅಲಬಾಮ ರಾಜ್ಯದ ಆಡುಮಾತು, ಹೊಸಬರಿಗೆ ಕಷ್ಟ. ಅದರ ಬದಲು 'ಹೋಲ್ಸ್' (1998) ಹಿಡಿಯಿರಿ. ಸಣ್ಣಸಣ್ಣ 50 ಅಧ್ಯಾಯಗಳು, ಚುಟುಕು ವಾಕ್ಯಗಳು. 2003ರ ಸಿನಿಮಾದ ಚಿತ್ರಕಥೆಯೂ ಕಾದಂಬರಿಕಾರ ಲೂಯಿಸ್ ಸ್ಯಾಕರ್ ಅವರದೇ. ಓದಿ ನೋಡಿದರೆ ಕಥೆ ಹಿಡಿಯಲು ಒದ್ದಾಡಬೇಕಿಲ್ಲ, ಕಿವಿ ಪೂರ್ತಿ ಮಾತಿನ ಮೇಲಿರುತ್ತದೆ.

ಓದುವಾಗ ಹೊಸ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಮುಂದೆ ಹೋಗಿ (ಲೈಬ್ರರಿ ಪುಸ್ತಕವಾದರೆ ದಯವಿಟ್ಟು ಚೀಟಿಯಲ್ಲಿ). ಮೂರನೇ ಸಲ ಎದುರಾದಾಗ ಅರ್ಥ ನೋಡಿ, ಇಡೀ ವಾಕ್ಯದ ಸಮೇತ ಬರೆದುಕೊಳ್ಳಿ.

ಸಿನಿಮಾದಲ್ಲಿ ಮೂರು ನಿಮಿಷದ ಒಂದು ದೃಶ್ಯ ಸಾಕು. ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಜೊತೆ, ಮೂರನೇ ಸಲ ಸಾಲುಸಾಲಿಗೂ ನಿಲ್ಲಿಸಿ ನೀವೇ ಹೇಳುತ್ತಾ, ಕೊನೆಗೆ ಮತ್ತೆ ಸಬ್‌ಟೈಟಲ್ ಇಲ್ಲದೆ.

ಓದಿದರೆ ಗೊತ್ತಾಗುವ ಪದವೇ ಕಿವಿಗೆ ಬಿದ್ದಾಗ ಗುರುತು ಸಿಗದಿರುವುದು ಇಲ್ಲಿನ ದೊಡ್ಡ ತೊಡಕು. 'ವಾಟರ್' ಅಮೆರಿಕದವರ ಬಾಯಲ್ಲಿ 'ವಾಡರ್' ಆಗುತ್ತದೆ. 'ಐ ಕ್ಯಾನ್ ಗೋ' ಅನ್ನುವಾಗ ಅವರು 'ಕ್ಯಾನ್' ಅನ್ನು 'ಕನ್' ಎಂದು ತೇಲಿಸಿ 'ಗೋ' ಮೇಲೆ ಒತ್ತು ಹಾಕುತ್ತಾರೆ. 'ಐ ಕಾಂಟ್ ಗೋ' (ಅವರ ಬಾಯಲ್ಲಿ 'ಕ್ಯಾಂಟ್') ಆದರೆ ಕೊನೆಯ 'ಟ್' ಗಂಟಲಲ್ಲೇ ಉಳಿದು 'ಕ್ಯಾನ್' ಎಂದು ಗಟ್ಟಿಯಾಗಿ ಕೇಳುತ್ತದೆ. 'ಕ್ಯಾನ್' ಸ್ಪಷ್ಟವಾಗಿ ಕೇಳಿತೆಂದು ನಾವು 'ಆಗುತ್ತೆ' ಅಂದುಕೊಳ್ಳುತ್ತೇವೆ, ಅವರು ಹೇಳಿದ್ದು 'ಆಗಲ್ಲ'. 'ಟ್' ಹುಡುಕಬೇಡಿ, ಒತ್ತು ಎಲ್ಲಿದೆ ಕೇಳಿ.

ಸೂಪರ್‌ಹೀರೋ ಸಿನಿಮಾದಲ್ಲಿ ಮಾತಿಗಿಂತ ಸ್ಫೋಟ ಜಾಸ್ತಿ. 96 ನಿಮಿಷದ 'ಟ್ವೆಲ್ವ್ ಆಂಗ್ರಿ ಮೆನ್' (1957) ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುವ ವಾದ; ಒಪ್ಪುವುದು, ತಡೆಯುವುದು, ಅನುಮಾನಿಸುವುದು, ಎಲ್ಲಕ್ಕೂ ವಾಕ್ಯ ಸಿಗುತ್ತದೆ. ಆಡುಮಾತು ಸ್ವಲ್ಪ ಹಳೆಯದು, ಪರವಾಗಿಲ್ಲ.

ಪಾತ್ರಗಳು ಆಡುವ 'ಏಂಟ್' (ain't, 'ಈಸಂಟ್' ಥರದ್ದರ ಬದಲಿಗೆ), 'ಐ ಡೋಂಟ್ ನೋ ನಥಿಂಗ್' ಥರದ್ದು ಅರ್ಥವಾದರೆ ಸಾಕು, ಇಂಟರ್‌ವ್ಯೂನಲ್ಲಿ ಬೇಡ. ಬೈಗುಳವೂ ಅಷ್ಟೇ: ತೆರೆಯ ಮೇಲೆ ನಿಮಿಷಕ್ಕೊಂದು ಬಂತೆಂದು ಅದು ಆಫೀಸಿನ ಮಾತಾಗುವುದಿಲ್ಲ.