ಮೂರು ಟ್ರ್ಯಾಕ್‌ಗಳ ದಾರಿ: ಅಪ್ಪನೊಂದಿಗೆ ಒಂದು ಸ್ಟಾಕ್ ಕಾರ್ ಋತು

2024ರ ಮಾರ್ಚ್‌ನಲ್ಲಿ ಅಪ್ಪ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾರ್ಲೆಟ್ ನಗರಕ್ಕೆ ಬಂದರು. ಹಾಸನದ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು ಅವರು. ಊರಿನಿಂದ ಬಂದ ತಂದೆ ತಾಯಿಯರನ್ನು ಇಲ್ಲಿಯವರು ನಯಾಗರಾಕ್ಕೋ ನ್ಯೂಯಾರ್ಕಿಗೋ ಕರೆದೊಯ್ಯುವುದು ವಾಡಿಕೆ. ಆದರೆ ಅಮೆರಿಕದ ರಾಷ್ಟ್ರೀಯ ಸ್ಟಾಕ್ ಕಾರ್ ಚಾಂಪಿಯನ್‌ಷಿಪ್ ಆದ ನಾಸ್ಕಾರ್ ಕಪ್ ಸರಣಿಯ ಬಹುಪಾಲು ತಂಡಗಳ ಕಾರ್ಯಾಗಾರಗಳು ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯೊಳಗೇ ಇರುವಾಗ, ಜೀವನವಿಡೀ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳಿದ ಮನುಷ್ಯನಿಗೆ ತೋರಿಸಬೇಕಾದದ್ದು ಜಲಪಾತವಲ್ಲ ಎಂದು ನನಗೆ ತೀವ್ರವಾಗಿ ಅನ್ನಿಸಿತ್ತು.

ಫೆಬ್ರುವರಿಯಿಂದ ನವೆಂಬರ್‌ವರೆಗೆ 36 ರೇಸ್‌ಗಳು ನಡೆಯುವ ಈ ಋತುವನ್ನು ಪೂರ್ತಿ ನೋಡುವುದು ನಮ್ಮಂಥವರಿಗೆ ಆಗುವ ಮಾತಲ್ಲ. ಕಾರಿನಲ್ಲೇ ಹೋಗಿ ಬರಬಹುದಾದ ಮೂರನ್ನು ಆರಿಸಿಕೊಂಡೆವು: ಏಪ್ರಿಲ್‌ನಲ್ಲಿ ವರ್ಜೀನಿಯಾದ ಮಾರ್ಟಿನ್ಸ್‌ವಿಲ್, ಮೇ ತಿಂಗಳಲ್ಲಿ ನಮ್ಮೂರಿನ ಪಕ್ಕದ ಕಾನ್ಕಾರ್ಡ್, ಸೆಪ್ಟೆಂಬರ್ ಒಂದರಂದು ಸೌತ್ ಕೆರೊಲಿನಾದ ಡಾರ್ಲಿಂಗ್ಟನ್.

ಏಪ್ರಿಲ್ 7ರ ಭಾನುವಾರ ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಆಶ್‌ಬರೊ ದಾಟಿ ಉತ್ತರಕ್ಕೆ ತಿರುಗಿದರೆ ಲೆವೆಲ್ ಕ್ರಾಸ್ ಎಂಬ ಪುಟ್ಟ ಊರು ಸಿಗುತ್ತದೆ. ಈ ಸರಣಿಯಲ್ಲಿ 200 ರೇಸ್‌ಗಳನ್ನೂ ಏಳು ಚಾಂಪಿಯನ್‌ಷಿಪ್‌ಗಳನ್ನೂ ಗೆದ್ದ ರಿಚರ್ಡ್ ಪೆಟ್ಟಿಯವರ ಊರು ಅದು. ಅವರ ತಂದೆ ಲೀ ಪೆಟ್ಟಿ 1959ರಲ್ಲಿ ನಡೆದ ಮೊದಲ ಡೇಟೋನಾ 500 ರೇಸನ್ನು ಗೆದ್ದವರು. ಅಂದು ಮೊದಲಿಗೆ ಜಾನಿ ಬೋಶಾಂಪ್ ಗೆದ್ದರೆಂದು ಘೋಷಿಸಲಾಗಿತ್ತು. ಕೊನೆಯ ಗೆರೆಯ ಛಾಯಾಚಿತ್ರಗಳನ್ನೂ ಚಲನಚಿತ್ರದ ಸುರುಳಿಯನ್ನೂ ಪರಿಶೀಲಿಸಿ ತೀರ್ಪು ತಿದ್ದಲು ಮೂರು ದಿನ ಹಿಡಿಯಿತು. ಅಪ್ಪ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಕಿಟಕಿಯಾಚೆ ನೋಡುತ್ತಿದ್ದರು. ದಾರಿಯುದ್ದಕ್ಕೂ ಏರಿಳಿಯುವ ಗುಡ್ಡಗಳು, ಪೈನ್ ಮರಗಳು, ಕೆಂಪು ಮಣ್ಣು. ಮದ್ಯನಿಷೇಧದ ಕಾಲದಲ್ಲಿಯೂ ಅದರ ನಂತರವೂ ಈ ಸೀಮೆಯ ಯುವಕರು ಕಳ್ಳಭಟ್ಟಿಯನ್ನು ರಾತ್ರೋರಾತ್ರಿ ಸಾಗಿಸಲು ಸಾಧಾರಣ ಕಾರುಗಳ ಎಂಜಿನ್ ಬಲಪಡಿಸಿ ಪೊಲೀಸರಿಂದ ತಪ್ಪಿಸಿಕೊಂಡು ಓಡಿಸುತ್ತಿದ್ದರು. ಅವರಲ್ಲಿ ಹಲವರು ಮುಂದೆ ರೇಸಿನ ಚಾಲಕರಾದರು. ಅಂಗಡಿಯಲ್ಲಿ ಮಾರಾಟಕ್ಕಿದ್ದ ಕಾರನ್ನೇ ಓಡಿಸುತ್ತಿದ್ದರಿಂದ ಇದಕ್ಕೆ ‘ಸ್ಟಾಕ್’ ಕಾರ್ ಎಂಬ ಹೆಸರು ಬಂತು. ಇಂದಿನ ಷೆವರ್ಲೆ ಕಮಾರೊ, ಫೋರ್ಡ್ ಮಸ್ಟಾಂಗ್, ಟೊಯೋಟಾ ಕ್ಯಾಮ್ರಿಗಳಲ್ಲಿ ಅಂಗಡಿಯ ಕಾರಿನದ್ದೆಂದು ಉಳಿದಿರುವುದು ಹೊರರೂಪದ ಹೋಲಿಕೆ ಮಾತ್ರ.

ಮಾರ್ಟಿನ್ಸ್‌ವಿಲ್ ಟ್ರ್ಯಾಕ್ 1947ರಲ್ಲಿ ಮಣ್ಣಿನ ದಾರಿಯಾಗಿ ಶುರುವಾದದ್ದು. ನಾಸ್ಕಾರ್‌ನ ಈ ಸರಣಿ ಆರಂಭವಾದ 1949ರಿಂದ ಇಂದಿನವರೆಗೂ ಅದರ ಪಟ್ಟಿಯಲ್ಲಿ ಉಳಿದಿರುವ ಟ್ರ್ಯಾಕ್ ಇದೊಂದೇ. ಒಂದು ಸುತ್ತು ಸುಮಾರು 850 ಮೀಟರ್ ಅಷ್ಟೆ. ಎರಡು ನೇರ ದಾರಿಗಳು, ಎರಡು ಕಡಿದಾದ ತಿರುವುಗಳು. ಮೇಲಿನಿಂದ ನೋಡಿದರೆ ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನಂತೆ ಕಾಣುತ್ತದೆ. ನೇರ ದಾರಿಗೆ ಡಾಂಬರು, ತಿರುವುಗಳಿಗೆ ಕಾಂಕ್ರೀಟು. ಹಿಂಬದಿಯ ಗೋಡೆಯಾಚೆ ರೈಲು ಹಳಿ ಹಾದುಹೋಗುತ್ತದೆ. ಗೆದ್ದವರಿಗೆ ಇಲ್ಲಿ ಕಪ್ ಕೊಡುವುದಿಲ್ಲ, ಆಳೆತ್ತರದ ಲೋಲಕದ ಗಡಿಯಾರವನ್ನು ಕೊಡುತ್ತಾರೆ. ಸುತ್ತಲಿನ ಈ ಸೀಮೆ ಒಂದು ಕಾಲಕ್ಕೆ ಮರದ ಪೀಠೋಪಕರಣಗಳಿಗೂ ಗಡಿಯಾರಗಳಿಗೂ ಹೆಸರಾಗಿತ್ತು. ಟ್ರ್ಯಾಕ್ ಕಟ್ಟಿಸಿದ ಕ್ಲೇ ಅರ್ಲ್ಸ್ 1964ರಲ್ಲಿ ಊರಿನ ಕಸುಬನ್ನೇ ಬಹುಮಾನವಾಗಿಸಿದರು. ಮನೆಯಲ್ಲಿ ದಿನವೂ ಗಂಟೆ ಬಾರಿಸುವ ಬಹುಮಾನ ಬೇರಾವ ಆಟದಲ್ಲಿದೆಯೋ ನಾನರಿಯೆ.

ನಮ್ಮ ಆಸನಗಳು ಕೆಳಗಿನ ಸಾಲುಗಳಲ್ಲಿ, ತಿರುವಿನ ಹತ್ತಿರವೇ ಇದ್ದವು. ಚಾಲಕರೂ ತಂಡದವರೂ ಮಾತಾಡಿಕೊಳ್ಳುವುದನ್ನು ಕೇಳಲು ಬಾಡಿಗೆಗೆ ಸಿಗುವ ರೇಡಿಯೊ ಹೆಡ್‌ಫೋನನ್ನು ಅಪ್ಪನ ಕಿವಿಗೆ ಹಾಕಿದೆ. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬಾರದು, ಆದರೆ ಹತ್ತು ಸುತ್ತು ಕಳೆಯುವುದರೊಳಗೆ ಎರಡು ಪದಗಳನ್ನು ಹಿಡಿದುಬಿಟ್ಟರು. ಹಿಂದಿನ ಚಕ್ರಗಳು ಹಿಡಿತ ಬಿಟ್ಟು ಬಾಲ ಹೊರಕ್ಕೆ ಎಸೆದಂತಾದರೆ ಚಾಲಕ ‘ಲೂಸ್’ ಎನ್ನುತ್ತಾನೆ. ಮುಂದಿನ ಚಕ್ರ ತಿರುಗಿಸಿದರೂ ಕಾರು ತಿರುಗದೆ ನೇರಕ್ಕೆ ಎಳೆದರೆ ‘ಟೈಟ್’ ಎನ್ನುತ್ತಾನೆ. ಪ್ರತಿ ತಿರುವಿಗೂ ಎಲ್ಲ ಕಾರುಗಳು ಒಟ್ಟಿಗೆ ಬ್ರೇಕ್ ಹಾಕಿದಾಗ ಚಕ್ರಗಳ ಒಳಗೆ ಡಿಸ್ಕುಗಳು ಕಾದು ಕೆಂಪಾಗುವುದು ಸಂಜೆಯ ಬೆಳಕಿನಲ್ಲಿ ಕಾಣುತ್ತಿತ್ತು. ಸವೆದ ಟೈರಿನಿಂದ ಕಿತ್ತುಬಂದ ರಬ್ಬರ್ ಚೂರುಗಳು ಜಾಲರಿಯನ್ನು ದಾಟಿ ನಮ್ಮ ಮಡಿಲಿಗೆ ಬೀಳುತ್ತಿದ್ದವು. ಅಪ್ಪ ಒಂದನ್ನು ಎತ್ತಿ ಬೆರಳ ನಡುವೆ ಉಜ್ಜಿ, ಮೂಸಿ, ಉಗುರಿನಿಂದ ಅದುಮಿ ನೋಡಿದರು. “ಮೆತ್ತಗಿದೆ ಪುಟ್ಟಾ. ನಮ್ಮ ಬಸ್ಸಿಗೆ ಇದನ್ನ ಹಾಕಿದ್ರೆ ಸಕಲೇಶಪುರ ಮುಟ್ಟೋ ಹೊತ್ತಿಗೆ ದಾರ ಕಾಣ್ತಿತ್ತು,” ಎಂದು ಆ ಚೂರನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಅವರು ಕಣ್ಣು ಕೀಳದೆ ನೋಡಿದ್ದು ಪಿಟ್ ಕೆಲಸವನ್ನು, ಅಂದರೆ ರೇಸಿನ ನಡುವೆ ಕಾರು ಬಂದು ನಿಂತಾಗ ಟೈರು ಬದಲಿಸಿ ಇಂಧನ ತುಂಬುವುದನ್ನು. ಗೋಡೆ ಹಾರಿ ಬರುವವರು ಐವರು. ಜಾಕ್ ಹಿಡಿದವನು ಒಂದೇ ಒತ್ತಿಗೆ ಕಾರಿನ ಒಂದು ಬದಿಯನ್ನು ಎತ್ತುತ್ತಾನೆ, ಇಬ್ಬರು ಚಕ್ರ ಬಿಚ್ಚಿ ಹಾಕುತ್ತಾರೆ, ಒಬ್ಬ ಟೈರು ಹೊತ್ತು ತರುತ್ತಾನೆ, ಮತ್ತೊಬ್ಬ ಇಂಧನದ ಡಬ್ಬವನ್ನು ಹೆಗಲೆತ್ತರಕ್ಕೆ ಎತ್ತಿ ಸುರಿಯುತ್ತಾನೆ. 2022ರಲ್ಲಿ ಹೊಸ ಮಾದರಿಯ ಕಾರು ಬಂದ ಮೇಲೆ ಚಕ್ರಕ್ಕೆ ಐದು ನಟ್ಟುಗಳ ಬದಲು ನಡುವೆ ಒಂದೇ ದೊಡ್ಡ ನಟ್ಟು. ನಾಲ್ಕು ಟೈರು ಬದಲಿಸಿ ಕಾರು ಹೊರಡಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಮಳೆಯಲ್ಲಿ ರಸ್ತೆ ಬದಿ ಮಂಡಿಯೂರಿ, ತುಕ್ಕು ಹಿಡಿದ ಹತ್ತು ನಟ್ಟುಗಳ ಮೇಲೆ ಪಾನಾ ಇಟ್ಟು ನಿಂತು ತುಳಿದ ಮನುಷ್ಯ ಅದನ್ನು ನೋಡುತ್ತಿದ್ದ ಬಗೆಯನ್ನು ನಾನು ಮರೆಯಲಾರೆ. ಅವರ ಬಲಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಅಲುಗುತ್ತಿದ್ದವು.

ಅಂದು 400 ಸುತ್ತುಗಳ ರೇಸು ಕೊನೆಯ ಅಪಘಾತದಿಂದಾಗಿ ಹೆಚ್ಚುವರಿ ಸುತ್ತುಗಳು ಸೇರಿ 415ಕ್ಕೆ ಬೆಳೆದು, ವಿಲಿಯಂ ಬೈರನ್ ಗೆದ್ದರು. ಎರಡನೆಯವರು ಕೈಲ್ ಲಾರ್ಸನ್, ಮೂರನೆಯವರು ಚೇಸ್ ಎಲಿಯಟ್. ಮೂವರೂ ಹೆಂಡ್ರಿಕ್ ಮೋಟರ್‌ಸ್ಪೋರ್ಟ್ಸ್ ತಂಡದವರು. ಈ ಫಲಿತಾಂಶದ ತೂಕ ಅರ್ಥವಾಗಬೇಕಾದರೆ 1984ಕ್ಕೆ ಹೋಗಬೇಕು. ಆಗಷ್ಟೇ ಹುಟ್ಟಿದ್ದ ಆ ತಂಡ ಹಣವಿಲ್ಲದೆ ಬಾಗಿಲು ಮುಚ್ಚುವ ಹಂತದಲ್ಲಿದ್ದಾಗ ಜೆಫ್ ಬೋಡೀನ್ ಇದೇ ಮಾರ್ಟಿನ್ಸ್‌ವಿಲ್‌ನಲ್ಲಿ ಅದಕ್ಕೆ ಮೊದಲ ಗೆಲುವು ತಂದರು, ತಂಡ ಉಳಿಯಿತು. ಇದೇ ಊರಿಗೆ ಬರುತ್ತಿದ್ದ ತಂಡದ ವಿಮಾನ 2004ರ ಅಕ್ಟೋಬರ್‌ನಲ್ಲಿ ಬೆಟ್ಟಕ್ಕೆ ಅಪ್ಪಳಿಸಿ, ಮಾಲೀಕ ರಿಕ್ ಹೆಂಡ್ರಿಕ್ ಅವರ ಮಗನೂ ಸೇರಿ ಹತ್ತು ಜನ ತೀರಿಕೊಂಡರು. ಬದುಕನ್ನೂ ಸಾವನ್ನೂ ಒಂದೇ ಊರಿನಿಂದ ಪಡೆದ ತಂಡ ತನ್ನ ನಲವತ್ತನೆಯ ವರ್ಷದಲ್ಲಿ ಅಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಬಂದಾಗ ಸುತ್ತಲಿನ ವಯಸ್ಸಾದ ಹಲವರು ಎದ್ದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಮರಳುವಾಗ ಕತ್ತಲಾಗಿತ್ತು. ಮಾರ್ಟಿನ್ಸ್‌ವಿಲ್‌ಗೆ ಪೂರ್ವದಲ್ಲಿರುವ ಡ್ಯಾನ್‌ವಿಲ್ ಊರಿನ ವೆಂಡೆಲ್ ಸ್ಕಾಟ್ ಅವರ ಕಥೆಯನ್ನು ಅಪ್ಪನಿಗೆ ಹೇಳಿದೆ. ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದ ಈ ಕಪ್ಪು ವರ್ಣೀಯ ಚಾಲಕ 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಗೆದ್ದರೂ ಅಧಿಕಾರಿಗಳು ಬಕ್ ಬೇಕರ್ ಗೆದ್ದರೆಂದು ಸಾರಿದರು. ಜನರೆಲ್ಲ ಹೊರಟುಹೋದ ಮೇಲೆ ತಪ್ಪು ಒಪ್ಪಿಕೊಂಡರು. ಸ್ಕಾಟ್ 1990ರಲ್ಲಿ ತೀರಿಕೊಂಡರು. ಆ ಗೆಲುವಿನ ಟ್ರೋಫಿ ಅವರ ಕುಟುಂಬದ ಕೈಸೇರಿದ್ದು 2021ರಲ್ಲಿ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ರಿಪೇರಿ ಅವರೇ ಮಾಡ್ಕೋತಿದ್ರಾ? ಒಬ್ರೇನಾ?” ಎಂದು ಕೇಳಿದರು.

ಮೇ 5ರಂದು ಕ್ಯಾನ್ಸಸ್‌ನಲ್ಲಿ ಕೈಲ್ ಲಾರ್ಸನ್ ಕ್ರಿಸ್ ಬಷರ್ ಅವರನ್ನು ಕೇವಲ 0.001 ಸೆಕೆಂಡಿನಿಂದ ಸೋಲಿಸಿದ್ದನ್ನು ಮನೆಯ ಟೀವಿಯಲ್ಲಿ ನೋಡಿದೆವು. ಸರಣಿಯ ಇತಿಹಾಸದಲ್ಲೇ ಅಷ್ಟು ಕಡಿಮೆ ಅಂತರದ ಗೆಲುವು ಇನ್ನೊಂದಿಲ್ಲ.

ಮೇ 26ರ ಕೋಕಾ-ಕೋಲಾ 600 ರೇಸಿಗೆ ಹೆಚ್ಚು ದೂರ ಹೋಗಬೇಕಿರಲಿಲ್ಲ. ಕಾನ್ಕಾರ್ಡ್‌ಗೆ ಹೋಗುವ ಮೊದಲು ಪಕ್ಕದ ಕನ್ನಾಪೊಲಿಸ್‌ಗೆ ಹೋಗಿ ಡೇಲ್ ಅರ್ನ್‌ಹಾರ್ಟ್ ಅವರ ಕಂಚಿನ ಪ್ರತಿಮೆಯನ್ನು ನೋಡಿದೆವು. ಏಳು ಬಾರಿ ಚಾಂಪಿಯನ್ ಆಗಿದ್ದ ಅವರು 2001ರ ಫೆಬ್ರುವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಗೋಡೆಗೆ ಗುದ್ದಿ ಸತ್ತರು. ಆ ವರ್ಷವೇ ತಲೆಯನ್ನೂ ಕತ್ತನ್ನೂ ಹಿಡಿದಿಡುವ ಪಟ್ಟಿಯ ಸಾಧನ ಕಡ್ಡಾಯವಾಯಿತು. ಮುಂದಿನ ವರ್ಷಗಳಲ್ಲಿ ಕಾಂಕ್ರೀಟು ಗೋಡೆಗಳ ಮುಂದೆ ಉಕ್ಕಿನ ಕೊಳವೆ ಮತ್ತು ನೊರೆಯ ದಿಮ್ಮಿಗಳ ಮೆತ್ತೆಗೋಡೆ ಬಂತು. ಅವರ ನಂತರ ಈ ಸರಣಿಯ ರೇಸಿನಲ್ಲಿ ಒಬ್ಬ ಚಾಲಕನೂ ಪ್ರಾಣ ಕಳೆದುಕೊಂಡಿಲ್ಲ. ಪ್ರತಿಮೆಯ ಕೆಳಗೆ ಯಾರೋ ತಾಜಾ ಹೂವಿಟ್ಟಿದ್ದರು.

ಅಂದಿನ ರೇಸು ಮಳೆಯ ಪಾಲಾಯಿತು. ಹುತಾತ್ಮ ಸೈನಿಕರ ಸ್ಮರಣೆಯ ವಾರಾಂತ್ಯವಾದ್ದರಿಂದ ಪ್ರತಿ ಕಾರಿನ ಮುಂಗಾಜಿನ ಮೇಲೆ ಚಾಲಕನ ಹೆಸರಿರುವ ಜಾಗದಲ್ಲಿ ಮಡಿದ ಒಬ್ಬ ಯೋಧನ ಹೆಸರಿತ್ತು. ಅದೇ ದಿನ ಮಧ್ಯಾಹ್ನ ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸಿನಲ್ಲಿ ಭಾಗವಹಿಸಿದ್ದ ಲಾರ್ಸನ್, ಅಲ್ಲಿಯೂ ಮಳೆಯಿಂದ ತಡವಾಗಿ, ವಿಮಾನ ಹಿಡಿದು ಇಲ್ಲಿಗೆ ಧಾವಿಸಿ ಬಂದರು. ಅಷ್ಟರಲ್ಲಿ ಅವರ ಕಾರನ್ನು ಬದಲಿ ಚಾಲಕ ಜಸ್ಟಿನ್ ಆಲ್‌ಗೈಯರ್ ಓಡಿಸುತ್ತಿದ್ದರು. ಲಾರ್ಸನ್ ಹೆಲ್ಮೆಟ್ ತೊಟ್ಟು ಸಿದ್ಧರಾದ ಹೊತ್ತಿಗೇ ಮಳೆ ಸುರಿಯಿತು. 400 ಸುತ್ತುಗಳಲ್ಲಿ 249 ಮಾತ್ರ ಮುಗಿದಿದ್ದವು. ಮಳೆ ನಿಂತ ಮೇಲೆ ಒಣಗಿಸುವ ಗಾಡಿಗಳು ಸುತ್ತು ಹಾಕುತ್ತಲೇ ಇದ್ದವು, ಆದರೆ ಗಾಳಿಯಲ್ಲಿನ ತೇವಕ್ಕೆ ದಾರಿ ಒಣಗಲಿಲ್ಲ. ರಾತ್ರಿ ಹನ್ನೊಂದು ದಾಟಿದ ಮೇಲೆ ಕ್ರಿಸ್ಟೋಫರ್ ಬೆಲ್ ವಿಜೇತರೆಂದು ಘೋಷಿಸಿದರು. ಲಾರ್ಸನ್ ಒಂದು ಸುತ್ತನ್ನೂ ಓಡಿಸದೆ ಉಳಿದರು. ಕಾದ ಜನಕ್ಕೆ ಇದು ನೋವಿನ ತೀರ್ಮಾನವಾದರೂ ಒದ್ದೆ ದಾರಿಯಲ್ಲಿ ನುಣುಪು ಟೈರು ಓಡಿಸಲಾಗದು ಎಂಬುದನ್ನು ಅಪ್ಪ ಯಾರಿಗಿಂತಲೂ ಮೊದಲು ಒಪ್ಪಿಕೊಂಡಿದ್ದರು.

ಎರಡು ದಿನ ಕಳೆದು, ಮೇ 28ರಂದು, ಕನ್ನಾಪೊಲಿಸ್‌ನಲ್ಲೇ ಕಾರ್ಯಾಗಾರವಿದ್ದ ಸ್ಟುವರ್ಟ್-ಹಾಸ್ ತಂಡ ಋತುವಿನ ಕೊನೆಗೆ ಮುಚ್ಚುವುದಾಗಿ ಪ್ರಕಟಿಸಿತು. ಎರಡು ಚಾಂಪಿಯನ್‌ಷಿಪ್ ಗೆದ್ದ ತಂಡ ಅದು.

ಆಗಸ್ಟ್ ಕಳೆಯಿತು. ಅಪ್ಪ ಊರಿಗೆ ಹೊರಡುವ ವಾರವೇ ಡಾರ್ಲಿಂಗ್ಟನ್ ಪ್ರಯಾಣ. ಪೇಜ್‌ಲ್ಯಾಂಡ್, ಮೆಕ್‌ಬೀ, ಹಾರ್ಟ್ಸ್‌ವಿಲ್ ಊರುಗಳನ್ನು ದಾಟಿ ಹೋಗುವ ದಾರಿಯಲ್ಲಿ ಪೀಚ್ ತೋಟಗಳೂ ಹತ್ತಿ ಹೊಲಗಳೂ ಸಿಗುತ್ತವೆ. ಇಲ್ಲಿಯ ಟ್ರ್ಯಾಕ್ ಕೂಡ ಹತ್ತಿ ಮತ್ತು ಕಡಲೆಕಾಯಿ ಬೆಳೆಯುತ್ತಿದ್ದ ನೆಲದ ಮೇಲೆಯೇ ಎದ್ದದ್ದು. ಹೆರಾಲ್ಡ್ ಬ್ರಾಸಿಂಗ್ಟನ್ ಎಂಬುವರು ಷರ್ಮನ್ ರಾಮ್ಸಿಯವರಿಂದ ಜಮೀನು ಪಡೆದಾಗ, ಮೂಲೆಯಲ್ಲಿದ್ದ ಪುಟ್ಟ ಮೀನಿನ ಕೊಳಕ್ಕೆ ಕೈಹಚ್ಚಬಾರದು ಎಂಬುದು ರಾಮ್ಸಿಯವರ ಷರತ್ತು. ಹಾಗಾಗಿ ಒಂದು ತುದಿಯ ತಿರುವನ್ನು ಕಿರಿದು ಮಾಡಬೇಕಾಯಿತು, ಟ್ರ್ಯಾಕ್ ಮೊಟ್ಟೆಯ ಆಕಾರಕ್ಕೆ ಬಂತು. ಒಂದು ತುದಿಗೆ ಒಪ್ಪುವಂತೆ ಕಾರನ್ನು ಸಜ್ಜುಗೊಳಿಸಿದರೆ ಇನ್ನೊಂದು ತುದಿಯಲ್ಲಿ ಅದು ಮಾತು ಕೇಳದು. ಎಪ್ಪತ್ತೈದು ವರ್ಷಗಳಿಂದ ಎಂಜಿನಿಯರುಗಳು ಒಬ್ಬ ರೈತ ಉಳಿಸಿದ ಮೀನುಗಳಿಗೆ ಲೆಕ್ಕ ಕೊಡುತ್ತಿದ್ದಾರೆ. ಈ ಆಟದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಸಂಗತಿ ಇನ್ನೊಂದಿಲ್ಲ.

1950ರ ಸೆಪ್ಟೆಂಬರ್ 4ರಂದು ನಡೆದ ಇಲ್ಲಿನ ಮೊದಲ ಸದರ್ನ್ 500 ರೇಸಿನಲ್ಲಿ 75 ಕಾರುಗಳಿದ್ದವು. ವೇಗದ ಕಾರುಗಳೆಲ್ಲ ಟೈರು ಒಡೆದು ಮತ್ತೆ ಮತ್ತೆ ನಿಲ್ಲುತ್ತಿದ್ದಾಗ, ಜಾನಿ ಮ್ಯಾಂಟ್ಜ್ ನಿಧಾನದ ಪ್ಲಿಮತ್ ಕಾರಿಗೆ ಗಟ್ಟಿಯಾದ ಲಾರಿ ಟೈರು ಹಾಕಿಸಿ ಆರು ಗಂಟೆಗೂ ಮೀರಿ ಓಡಿಸಿ ಗೆದ್ದರು. ಇದನ್ನು ಕೇಳಿದ ಅಪ್ಪನ ಮುಖ ಅರಳಿತು. “ಹಾಗೆ ಹೇಳು! ಟೈರ್ ಉಳಿಸಿದೋನೇ ಊರು ಮುಟ್ಟೋದು,” ಎಂದರು.

ಸಂಜೆ ಆರಕ್ಕೆ ಶುರುವಾದ ರೇಸಿನಲ್ಲಿ ಕಾರುಗಳು ತಿರುವಿನಲ್ಲಿ ಗೋಡೆಗೆ ಬಲಬದಿಯನ್ನು ಸವರಿಕೊಂಡೇ ಹೋಗುತ್ತಿದ್ದವು. ಹಾಗೆ ಬೀಳುವ ಗೀರಿಗೆ ‘ಡಾರ್ಲಿಂಗ್ಟನ್ ಪಟ್ಟೆ’ ಎಂದೇ ಹೆಸರು. ಲಾರ್ಸನ್ 367 ಸುತ್ತುಗಳಲ್ಲಿ 263ರಲ್ಲಿ ಮುಂದಿದ್ದರು. ಆದರೆ ಕೊನೆಯ 26 ಸುತ್ತುಗಳನ್ನು ಮುಂದೆ ನಿಂತು ಓಡಿಸಿ, ಹಿಂದೆ ಅಟ್ಟಿಬರುತ್ತಿದ್ದ ಕೈಲ್ ಬುಷ್ ಅವರನ್ನು ತಡೆದು ಗೆದ್ದವರು ಚೇಸ್ ಬ್ರಿಸ್ಕೊ, ಮುಚ್ಚಲಿರುವ ಸ್ಟುವರ್ಟ್-ಹಾಸ್ ತಂಡದ ಚಾಲಕ. ಚಾಂಪಿಯನ್ ಪಟ್ಟಕ್ಕಾಗಿ ಋತುವಿನ ಕೊನೆಯಲ್ಲಿ ನಡೆಯುವ ‘ಪ್ಲೇಆಫ್’ ಹಂತದ ಹದಿನಾರು ಮಂದಿಯಲ್ಲಿ ಕೊನೆಯ ಸ್ಥಾನವನ್ನು ಈ ಗೆಲುವು ಅವರಿಗೆ ಕೊಟ್ಟಿತು. ಪಿಟ್ ಗೋಡೆಯ ಮೇಲೆ ಅವರ ಮೆಕ್ಯಾನಿಕ್‌ಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದುದನ್ನು ದೊಡ್ಡ ಪರದೆಯಲ್ಲಿ ತೋರಿಸಿದರು. 1984ರಲ್ಲಿ ಒಂದು ಗೆಲುವು ಒಂದು ತಂಡವನ್ನು ಉಳಿಸಿತ್ತು. ಈ ಗೆಲುವಿಗೆ ಆ ಶಕ್ತಿ ಇರಲಿಲ್ಲ.

“ಆ ಹುಡುಗ ಮುಂದಿನ ವರ್ಷ ಏನ್ ಮಾಡ್ತಾನೆ?” ಎಂದು ಅಪ್ಪ ಕೇಳಿದರು. ಬ್ರಿಸ್ಕೊಗೆ ಜೋ ಗಿಬ್ಸ್ ತಂಡದಲ್ಲಿ ಆಗಲೇ ಜಾಗ ಸಿಕ್ಕಿದೆ ಎಂದೆ. “ಓಡ್ಸೋನಲ್ಲ ಪುಟ್ಟಾ, ಜಾಕ್ ಹಿಡ್ದಿದ್ನಲ್ಲ, ಅವನು.”

ಅಪ್ಪ ಆ ಗುರುವಾರ ಊರಿಗೆ ಹೊರಟರು. ಮುಂದಿನದ್ದನ್ನೆಲ್ಲ ನಾನು ಫೋನಿನಲ್ಲಿ ಹೇಳುತ್ತಾ ಹೋದೆ. ಅಕ್ಟೋಬರ್‌ನಲ್ಲಿ ಶಾರ್ಲೆಟ್ ರೇಸಿನ ನಂತರ ಅಲೆಕ್ಸ್ ಬೌಮನ್ ಅವರ ಕಾರು ತೂಕದಲ್ಲಿ ಕಡಿಮೆಯೆಂದು ಅನರ್ಹವಾಯಿತು. ಪ್ಲೇಆಫ್‌ನಿಂದ ಹೊರಬಿದ್ದಿದ್ದ ಜೋಯಿ ಲಾಗಾನೊ ಅದರಿಂದ ಒಳಬಂದು, ಮುಂದಿನ ವಾರ ಲಾಸ್ ವೇಗಸ್‌ನಲ್ಲಿ ಗೆದ್ದು, ನವೆಂಬರ್ 10ರಂದು ಫೀನಿಕ್ಸ್‌ನಲ್ಲಿ ಕೊನೆಯ ರೇಸನ್ನೂ ಗೆದ್ದು ಮೂರನೆಯ ಬಾರಿ ಚಾಂಪಿಯನ್ ಆದರು. ಇಡೀ ವರ್ಷದ ದುಡಿಮೆಯನ್ನು ಕೊನೆಯ ಒಂದು ಸಂಜೆಗೆ ಗಂಟುಹಾಕುತ್ತಿದ್ದ, 2025ರವರೆಗೆ ಇದ್ದ ಆ ಪದ್ಧತಿ ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಲಾಗಾನೊ ನಿಯಮದಂತೆಯೇ ಗೆದ್ದರು. ನನ್ನ ತಕರಾರು ನಿಯಮದ ಮೇಲೆ.

ಡಿಸೆಂಬರ್‌ನ ಒಂದು ಶನಿವಾರ ಕನ್ನಾಪೊಲಿಸ್‌ಗೆ ಹೋಗಿ ಆ ಕಾರ್ಯಾಗಾರದ ಮುಂದೆ ಕಾರು ನಿಲ್ಲಿಸಿ ಅಪ್ಪನಿಗೆ ವಿಡಿಯೊ ಕರೆ ಮಾಡಿದೆ. ಮಾಲೀಕರಲ್ಲೊಬ್ಬರಾದ ಜೀನ್ ಹಾಸ್ ಒಂದು ಕಾರಿನ ತಂಡವನ್ನು ಬೇರೆ ಹೆಸರಿನಲ್ಲಿ ಮುಂದುವರಿಸುತ್ತಾರೆ, ಕೆಲವರಿಗೆ ಅಲ್ಲೇ ಕೆಲಸ ಉಳಿಯುತ್ತದೆ ಎಂದು ಹೇಳಿದೆ. ಹಾಸನದಲ್ಲಿ ಆಗ ರಾತ್ರಿ. ಅಪ್ಪ ಪರದೆಗೆ ಮುಖ ಹತ್ತಿರ ತಂದು ಮುಚ್ಚಿದ ದೊಡ್ಡ ಬಾಗಿಲುಗಳನ್ನು ನೋಡಿದರು. ಅವರ ಹಿಂದೆ, ದೇವರ ಗೂಡಿನ ಪಕ್ಕದ ಗಾಜಿನ ಕಪಾಟಿನಲ್ಲಿ, ಮಾರ್ಟಿನ್ಸ್‌ವಿಲ್‌ನ ಆ ಕಪ್ಪು ರಬ್ಬರ್ ಚೂರು ಅವರ ಹಳೆಯ ಡಿಪೋ ಬಿಲ್ಲೆಯ ಜೊತೆಗಿತ್ತು. “ಒಳಗೆ ದೀಪ ಉರೀತಿದೆಯಾ ನೋಡು,” ಎಂದರು. ನಾನು ಕಾರಿನಿಂದಿಳಿದು ಗಾಜಿನ ಹತ್ತಿರ ಹೋದೆ. ಒಂದು ಮೂಲೆಯಲ್ಲಿ ಉರಿಯುತ್ತಿತ್ತು.