ಭಾರ ಎತ್ತಬ್ಯಾಡ ಅಂದ್ರು

ಸೋಮವಾರ ಗೋವಿನಜೋಳ ಮಾರೋಕೆ ಎಪಿಎಂಸಿಗೆ ಹೋಗಿದ್ದೆ. ನಮ್ಮ ಹಾವೇರಿ ಕಡೆ ಈಗ ಅದರದೇ ಸುಗ್ಗಿ. ಟ್ರ್ಯಾಕ್ಟರ್ ಇಳಿಸಲು ಬಂದ ಹಮಾಲರಲ್ಲಿ ಒಬ್ಬರಿಗೆ ಅರವತ್ತರ ಹತ್ತಿರ ವಯಸ್ಸು. ಚೀಲ ಹಾಕಿ ಬಂದಾಗೆಲ್ಲ ಕಂಬಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದರು. ಕೂತರೆ ಏಳೋದು ಕಷ್ಟವಂತೆ.

"ಡಾಕ್ಟರಿಗೆ ತೋರ್ಸಿಲ್ಲೇನ್ ಕಾಕಾ?" ಅಂದೆ.

"ತೋರ್ಸೇನಿ. ಭಾರ ಎತ್ತಬ್ಯಾಡ ಅಂದ್ರು ತಮ್ಮಾ" ಅನ್ನುತ್ತಲೇ ಬೆನ್ನು ಬಾಗಿಸಿದರು. ಮೇಲಿದ್ದ ಹುಡುಗ ಇನ್ನೊಂದು ಚೀಲ ಇಟ್ಟ.

ಭಾರ ಎತ್ತಬ್ಯಾಡ ಅಂದ್ರು. ಊಟಕ್ಕೆ ಕೂತರೂ ಅದೇ ಮಾತು ನೆನಪಾಗ್ತದೆ. ಡಾಕ್ಟರ್ ಹೇಳಿದ್ದು ಸರಿಯೇ. ಆದರೆ ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಎತ್ತದ ದಿನ ದುಡ್ಡಿಲ್ಲ.

ಅವರ ಕುತ್ತಿಗೆಯ ಹಿಂದೆ ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು. ಅಂಗಿ ಜೇಬಿನಲ್ಲಿ ಅರ್ಧ ಮುಗಿದ ನೋವಿನ ಗುಳಿಗೆ ಸ್ಟ್ರಿಪ್. ಚಹಾದ ಜೊತೆ ಒಂದು ನುಂಗಿದರು. ದಿನಾ ಅದನ್ನು ತಗೊಂಡರೆ ಹೊಟ್ಟೆಗೂ ಕಿಡ್ನಿಗೂ ಕೇಡು. ಬೆವರು ಸುರಿಸಿ ನೀರು ಕಡಿಮೆ ಕುಡಿಯುವವರಿಗೆ ಇನ್ನೂ ಜಾಸ್ತಿ.

"ಅವ್ರಿಗೆ ರೂಢಿ ಆಗಿರ್ತೈತ್ರಿ" ಅಂದ ಅಂಗಡಿಯ ಗುಮಾಸ್ತ. ಲೆಕ್ಕದಲ್ಲಿ ನಿಯತ್ತಿನ ಮನುಷ್ಯ, ಆದರೆ ಆ ಮಾತಿಗೆ ನನಗೆ ಸಿಟ್ಟು ಬಂತು. ಸವೆದ ಮಂಡಿಗೆ, ಜಾರಿದ ಡಿಸ್ಕಿಗೆ ಎಂಥ ರೂಢಿ? ಒಬ್ಬ ಗಂಡಾಳು ಹೊರುವ ಭಾರ 55 ಕೆಜಿಗಿಂತ ಜಾಸ್ತಿ ಇದ್ದರೆ ಬೇಗ ಅಷ್ಟಕ್ಕೆ ತಗ್ಗಿಸಿ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಚೀಲಗಳು 60 ದಾಟಿದ್ದವು.

ಪಿಂಚಣಿಯಾದರೂ ಇದೆಯಾ ಅಂದರೆ, ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಪಿಂಚಣಿ ಯೋಜನೆಗೆ ಸೇರಲು ವಯಸ್ಸು 18ರಿಂದ 40ರೊಳಗೆ ಇರಬೇಕು. ಕಂತು ಕಟ್ಟುತ್ತಾ ಬಂದರೆ 60ರ ನಂತರ ತಿಂಗಳಿಗೆ 3,000 ರೂಪಾಯಿ. ಅದು ಶುರುವಾದಾಗಲೇ ಕಾಕಾಗೆ 50 ದಾಟಿತ್ತು. ಇಷ್ಟು ವರ್ಷ ಹೊತ್ತವರಿಗೇ ಜಾಗ ಇಲ್ಲ, ಅಲ್ವಾ?

ಪಕ್ಕದ ಮಹಾರಾಷ್ಟ್ರದಲ್ಲಿ ಹಮಾಲರಿಗೆ ಅಂತಲೇ 1969ರ ಮಾಥಾಡಿ ಕಾಯ್ದೆ ಇದೆ. ಕೆಲಸ ಮಾಡಿಸುವವರು ಕೂಲಿಯ ಮೇಲೆ ಇಷ್ಟು ಅಂತ ಆ ಕಾಯ್ದೆಯಡಿಯ ಮಂಡಳಿಗೆ ಕಟ್ಟಬೇಕು. ಅದರಿಂದ ಹಮಾಲರಿಗೆ ಭವಿಷ್ಯನಿಧಿ, ಗ್ರಾಚ್ಯುಟಿ ಸಿಗುತ್ತವೆ. ಇಲ್ಲೂ ಅದು ಬರಲಿ. ನಮ್ಮ ಮಾಲಿನ ಪಟ್ಟಿಯಲ್ಲಿ ಹಮಾಲಿ ಅಂತ ಹೇಗೂ ಮುರಿದುಕೊಳ್ಳುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಹಾಕಿ, ಚೀಲಕ್ಕೆ ಒಂದೆರಡು ರೂಪಾಯಿ ಅವರ ಹೆಸರಲ್ಲಿ ಹಿಡಿಯಲಿ. ದಲಾಲರೂ ಖರೀದಿದಾರರೂ ಅಷ್ಟೇ ಹಾಕಲಿ. ನನ್ನ ಪಾಲು ನಾನು ಕೊಡ್ತೀನಿ.