ನೀಲಿ ತೂತುಗಳ ಲೆಕ್ಕ

18 ಜುಲೈ 2024, ಗುರುವಾರ
ಹಾಸನ

ಬೆಳಿಗ್ಗೆಯಿಂದ ಬಿಟ್ಟೂ ಬಿಡದ ಮಳೆ. ಎರಡು ಸಲ ಕರೆಂಟ್ ಹೋಯಿತು. ಬ್ಯಾಟರಿ ಇರುವಷ್ಟು ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಆಲೂಗಡ್ಡೆ ಬೆಳೆಯುವ ಊರಲ್ಲಿ ಕೂತು ಹವಳದ ದಿಬ್ಬದ ಕಲ್ಲಿನಲ್ಲಿ ತೂತು ಎಣಿಸುವ ಕೆಲಸ ನನ್ನದು. ನನಗೇ ನಗು ಬರುತ್ತದೆ.

ಕಾಫಿ ತಂದ ಅಜ್ಜಿ ಅಲ್ಲೇ ನಿಂತು ನೋಡಿದಳು. "ಕಲ್ಲು ಅಂತೀಯ, ಇಷ್ಟು ನೀಲಿ ಯಾಕದೆ?"

"ತೂತು ಕಾಣ್ಲಿ ಅಂತ ಬಣ್ಣ ತುಂಬಿಸಿರೋದು ಅಜ್ಜಿ."

ಕಲ್ಲಿನೊಳಗಿನ ಗಾಳಿ ಎಳೆದು, ನೀಲಿ ಬೆರೆಸಿದ ಎಪಾಕ್ಸಿ ಅಂಟು ಹರಿಸುತ್ತಾರೆ. ಅದು ಗಟ್ಟಿಯಾದ ಮೇಲೆ ಕಲ್ಲನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜುತ್ತಾರೆ. ಬೆಳಕು ಹಾಯುವಷ್ಟು ತೆಳು. ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದರೆ ನೀಲಿ ಇದ್ದಲ್ಲೆಲ್ಲ ತೂತು. ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರ್ ಅದನ್ನು ಅಳೆದು ಒಟ್ಟು ಜಾಗದಲ್ಲಿ ತೂತಿನ ಪಾಲೆಷ್ಟು ಅಂತ ಹೇಳುತ್ತದೆ. ಹೀಗೆ ಉಜ್ಜಿದ ಚಪ್ಪಟೆ ಸೀಳಿನಲ್ಲಿ ಕಾಣುವ ಪಾಲೇ ಇಡೀ ಕಲ್ಲಿನಲ್ಲೂ ಇರುತ್ತದೆ ಎಂಬ ಲೆಕ್ಕವನ್ನು ಫ್ರಾನ್ಸಿನ ಭೂವಿಜ್ಞಾನಿ ಡೆಲೆಸ್ 1847ರಲ್ಲೇ ಕೊಟ್ಟಿದ್ದ.

ಕೇಳೋಕೆ ಸುಲಭ. ಆದರೆ ಎಷ್ಟು ನೀಲಿ ಇದ್ದರೆ ನೀಲಿ? ಗೆರೆ ಎಳೆಯಬೇಕಾದವಳು ನಾನೇ. ಇವತ್ತು ಒಂದೇ ಜಾಗದ ಎರಡು ಫೋಟೋ ಅಳೆದೆ. ಒಂದರಲ್ಲಿ ಶೇ. 14, ಇನ್ನೊಂದರಲ್ಲಿ ಶೇ. 21! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಬಣ್ಣವನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಆಫ್ ಮಾಡಿಯೇ ಇರಲಿಲ್ಲ. ಒಂದೊಂದು ಫೋಟೋಗೂ ಒಂದೊಂದು ನೀಲಿ. ಎರಡು ದಿನದ ಲೆಕ್ಕ ನೀರುಪಾಲು.

ಇನ್ನೊಂದು ಕಾಟ ಮಸುಕು ನೀಲಿಯದು. ಸೀಳಿನ ದಪ್ಪಕ್ಕಿಂತ ಸಣ್ಣ ತೂತಿನ ಮೇಲೋ ಕೆಳಗೋ ಸುಣ್ಣದ ಕಣ ಕೂತಿರುತ್ತದೆ. ಅದು ತೂತೋ ಕಲ್ಲೋ? ಹೀಲಿಯಂ ಅನಿಲ ತೂರಿಸಿ ಅಳೆದಾಗ ಅಂಥ ಸಣ್ಣವೂ ಲೆಕ್ಕಕ್ಕೆ ಸಿಗುತ್ತವೆ. ಹಾಗಾಗಿ ಚಿತ್ರದ ಲೆಕ್ಕ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ.

ನಿಜ ಹೇಳಬೇಕಂದ್ರೆ ಈ ಶೇಕಡಾ ಲೆಕ್ಕಕ್ಕಿಂತ ತೂತಿನ ಆಕಾರವೇ ನನಗೆ ಜಾಸ್ತಿ ಇಷ್ಟ. ಚಿಪ್ಪು ಕರಗಿಹೋಗಿ ಅದೇ ಅಚ್ಚಿನಲ್ಲಿ ಉಳಿದ ತೂತುಗಳಿರುತ್ತವೆ, ಒಂಟಿ ಒಂಟಿಯಾಗಿ. ಕಣಗಳ ನಡುವಿನ ಸಂದುಗಳು ಹಾಗಲ್ಲ, ಒಂದಕ್ಕೊಂದು ಕೈ ಹಿಡಿದಿರುತ್ತವೆ. ಪಾಲು ಎರಡರಲ್ಲೂ ಒಂದೇ ಇರಬಹುದು, ನೀರು ಸಲೀಸಾಗಿ ಹರಿಯುವುದು ಎರಡನೆಯದರಲ್ಲಿ. ಲಕ್ಷದ್ವೀಪದ ಬಾವಿಗಳ ಸಿಹಿನೀರು ಹವಳದ ಮರಳು, ಕಲ್ಲುಗಳ ಇಂಥ ಸಂದುಗಳಲ್ಲೇ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಆದರೆ ಒಂದು ಸೀಳಿನಲ್ಲಿ ಒಂಟಿಯಾಗಿ ಕಂಡ ತೂತು ಅದರ ಹಿಂದೆ ಯಾವುದಕ್ಕೆ ಸೇರಿಕೊಂಡಿದೆಯೋ, ಚಿತ್ರ ಹೇಳುವುದಿಲ್ಲ.

ಲೋಟ ತಗೊಂಡು ಹೋಗೋಕೆ ಬಂದ ಅಜ್ಜಿ ಕೇಳಿದಳು, "ನಮ್ಮ ಹಳೇಬೀಡಿನ ಕಲ್ಲಲ್ಲಿ ಎಷ್ಟು ತೂತದೆ?"

"ಅದು ಬಳಪದ ಕಲ್ಲಲ್ವಾ ಅಜ್ಜಿ, ನೀಲಿಗೆ ಒಳಗೆ ಜಾಗವೇ ಸಿಗಲ್ಲ."

"ಹಂಗಾದ್ರೆ ಬೇಗ ಮುಗೀತದೆ. ಅದನ್ನೇ ಎಣಿಸಬಾರದಾ?"

ಶನಿವಾರ ಎಲ್ಲ ಫೋಟೋ ಮತ್ತೆ ತೆಗೆಯಬೇಕು.